ಸೆಂಟಿಮೀಟರಿಗೆ ನಲವತ್ತು ಚುಕ್ಕೆ

ಬಟ್ಟೆ ಗಿರಣಿಗಳ ಊರಾದ ಮಹಲ್ಲಾದ ತಾಯಂದಿರು ಮಗಳ ಮದುವೆಗೆ ಟೀವಿ ಕೊಳ್ಳಲು ಹೊರಟರೆ ಮೊದಲು ದೇವರ ಹೆಸರು ಹೇಳುತ್ತಾರೆ, ಆಮೇಲೆ ಅತಿಯಾತಳ ಮನೆ ಬಾಗಿಲು ತಟ್ಟುತ್ತಾರೆ. ಅವಳೇನೂ ಹೆಚ್ಚು ಓದಿದವಳಲ್ಲ. ಇಪ್ಪತ್ತಾರು ವರ್ಷ ಬಟ್ಟೆ ಗಿರಣಿಯಲ್ಲಿ ಮೇಜಿನ ಮುಂದೆ ನಿಂತು ಎಳೆ ಎಣಿಸಿದವಳು. ಗಿಡ್ಡ ಮೈ, ದೊಡ್ಡ ಗಂಟಲು. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತು, ಇರುವವಳು ಒಬ್ಬಳೇ ಮಗಳು ಶುರೂಕ್. ಊರವರು ಅತಿಯಾತಳನ್ನು ಪರೋಪಕಾರಿ ಎನ್ನುತ್ತಾರೆ. ಅವಳ ಓಣಿಯಲ್ಲೇ ಬೆಳೆದ ನಮಗೆ ಗೊತ್ತು, ಅದರಲ್ಲಿ ಪರೋಪಕಾರ ಎಳ್ಳಷ್ಟೂ ಇಲ್ಲ. ಅವಳು ಒಬ್ಬ ಗಂಡಸಿನ ಮೇಲೆ ಹಲ್ಲು ಮಸೆದಳು, ಆ ಹಲ್ಲು ಮಸೆತದಿಂದ ಊರಿಗೆ ಒಳ್ಳೆಯದಾಯಿತು, ಅಷ್ಟೇ.

ಆ ಗಂಡಸು ಹಜ್ ಯಾತ್ರೆ ಮಾಡಿ ಬಂದ ಹಾಜ್ ಶೌಕಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಟೀವಿ, ಫ್ರಿಜ್ಜು, ವಾಷಿಂಗ್ ಮಷೀನಿನ ಅಂಗಡಿ. ಬಾಯಿ ತೆರೆದರೆ ಬೆಲ್ಲ, ಬೆರಳಲ್ಲಿ ಜಪಮಾಲೆ.

ಶುರೂಕಳಿಗೆ ಹದಿನೆಂಟು ತುಂಬಿದಾಗಲೇ ಅತಿಯಾತ್ ಮದುವೆ ಸಾಮಾನು ಕೂಡಿಡಲು ಶುರು ಮಾಡಿದ್ದಳು. ನಮ್ಮಲ್ಲಿ ಎಲ್ಲ ತಾಯಂದಿರೂ ಹಾಗೇ. ಬೆಲೆ ಬೆಳಿಗ್ಗೆ ಒಂದಿದ್ದರೆ ಸಂಜೆಗೆ ಇನ್ನೊಂದು, ಇವತ್ತು ಕೈಗೆ ಸಿಕ್ಕಿದ್ದನ್ನು ನಾಳೆಗೆ ಬಿಡುವ ಹಾಗಿಲ್ಲ. ಗಂಡು ಗೊತ್ತಾಗುವ ಮೊದಲೇ ಮಂಚದ ಕೆಳಗೆ ಮಿಕ್ಸಿ, ಬೀರುವಿನ ಮೇಲೆ ಗ್ಯಾಸ್ ಒಲೆ, ಬಾಗಿಲ ಹಿಂದೆ ಟೀವಿ. ಪೆಟ್ಟಿಗೆಯ ಟೇಪು ಮಾತ್ರ ಕೀಳುವಂತಿಲ್ಲ. ಮದುವೆಗೆ ಮುಂಚೆ ಆ ಸಾಮಾನೆಲ್ಲ ತೆರೆದ ಗಾಡಿಗಳ ಮೇಲೆ ಡೋಲು ಬಾರಿಸಿಕೊಂಡು ಗಂಡಿನ ಮನೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಬಾಲ್ಕನಿಗಳಲ್ಲಿ ಹೆಂಗಸರು ಕಣ್ಣರಳಿಸಿ ನಿಂತಿರುತ್ತಾರೆ. ಟೇಪು ಕಿತ್ತ ಒಂದು ಪೆಟ್ಟಿಗೆ ಕಂಡರೂ ಸಾಕು, ಬಳಸಿದ್ದನ್ನು ಕೊಟ್ಟು ಕಳಿಸಿದ್ದಾರೆ ಎಂದು ಆಡಿಕೊಳ್ಳುತ್ತಾರೆ.

ಅತಿಯಾತ್ ಅಂಗಡಿಗೆ ಹೋದ ದಿನ ಶೌಕಿ ಕೇಳಿದ ಮೊದಲ ಪ್ರಶ್ನೆ, "ಮನೆಗೋ, ಮದುವೆಗೋ ತಾಯಿ?"

"ಮದುವೆಗೆ."

"ಒಳ್ಳೇದಾಗ್ಲಿ! ಯಾವಾಗ?"

"ಇನ್ನೂ ಮೂರು ನಾಲ್ಕು ವರ್ಷ ಇದೆ ಹಾಜ್. ಹುಡುಗಿ ಡಿಪ್ಲೊಮಾ ಮುಗಿಸ್ಲಿ."

ಅವನ ಮುಖ ಅರಳಿದ್ದನ್ನು ಅವಳು ಆಶೀರ್ವಾದ ಎಂದುಕೊಂಡಳು. ಅವನು ಒಳಗೆ ಹೋಗಿ ಗೋದಾಮಿನಿಂದ ತಾನೇ ಒಂದು ಪೆಟ್ಟಿಗೆ ಹೊತ್ತು ತಂದ. ನಲವತ್ತಮೂರು ಇಂಚು. ಪೆಟ್ಟಿಗೆಯ ಮೇಲೆ ಬಂಗಾರದ ಬಣ್ಣದಲ್ಲಿ, ಅತಿ ಸ್ಪಷ್ಟ ಚಿತ್ರದ ಗುರುತು, ಫೋರ್‌ಕೆ.

"ಇದು ಸ್ಮಾರ್ಟಾ ಹಾಜ್?"

"ಸ್ಮಾರ್ಟಾ? ನಿಮ್ಮ ಅಳಿಯ ಆಗೋನಿಗಿಂತ ಸ್ಮಾರ್ಟು!"

ಅವಳು ನಕ್ಕಳು. ಈ ನಗು ನೆನಪಾದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ. ಗಿರಣಿಯಲ್ಲಿ ಒಂದು ಥಾನು ಬಟ್ಟೆಯನ್ನೂ ಬಿಚ್ಚಿ ನೋಡದೆ ಒಪ್ಪಿದವಳಲ್ಲ. ಮಗಳ ಟೀವಿಯನ್ನು ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲೇ ನಂಬಿ ಮನೆಗೆ ತಂದಳು.

ನಾಲ್ಕು ವರ್ಷದ ಮೇಲೆ ಶುರೂಕಳಿಗೆ ವಾಯಿಲ್ ಎಂಬ ಹುಡುಗ ಗೊತ್ತಾದ. ಬಸ್ ಡಿಪೋದಲ್ಲಿ ಕೆಲಸ, ಒಳ್ಳೆಯವನು, ತಾಯಿಯ ಮುಂದೆ ಬಾಯಿ ಬಿಡದವನು. ತಾಯಿ ಹಜ್ಜಾ ದೌಲತ್. ಅವರದು ಮೂರಂತಸ್ತಿನ ಮನೆ. ಎರಡನೇ ಮಹಡಿಯಲ್ಲಿ ದೌಲತ್, ಮೂರನೆಯದರಲ್ಲಿ ಹೊಸ ದಂಪತಿ. ಪದ್ಧತಿಯಂತೆ ಹೆಣ್ಣಿನ ಕಡೆಯ ಸಾಮಾನಿನ ಪಟ್ಟಿ ಬರೆದರು. ಇವೆಲ್ಲ ಹೆಂಡತಿಯ ಸೊತ್ತು, ನನ್ನ ಬಳಿ ಜೋಪಾನವಾಗಿರುತ್ತವೆ, ಕೇಳಿದ ದಿನ ಹಿಂದಿರುಗಿಸುತ್ತೇನೆ ಎಂದು ಗಂಡು ಅದಕ್ಕೆ ಸಹಿ ಹಾಕಬೇಕು. ಹದಿನೇಳನೇ ಸಾಲು, "ಟೀವಿ, ಸ್ಮಾರ್ಟ್, ಫೋರ್‌ಕೆ, ನಲವತ್ತಮೂರು ಇಂಚು." ವಾಯಿಲ್ ಸಹಿ ಹಾಕಿದ.

ಮದುವೆಯ ಮಾರನೇ ದಿನ ಎರಡೂ ಕಡೆಯ ಹೆಂಗಸರು ಬಾತುಕೋಳಿ ಸಾರು ಉಂಡು ಕೂತಿದ್ದಾಗ ಪೆಟ್ಟಿಗೆ ಒಡೆದು ಟೀವಿಯನ್ನು ಗೋಡೆಗೆ ತೂಗುಹಾಕಿದರು. ಚಿತ್ರ ಬಂತು. ಬಂದಿದ್ದು ಮಂಜು ಕವಿದ ಗಾಜಿನಾಚೆಯಿಂದ ನೋಡಿದ ಹಾಗೆ. ವಿಡಿಯೊ ಆಪ್ ಒತ್ತಿದರೆ, ಈ ಸಾಧನಕ್ಕೆ ಇನ್ನು ಸೇವೆ ಇಲ್ಲ ಎಂಬ ಬರಹ. ಎರಡನೇ ಆಪ್ ತೆರೆಯಲೇ ಇಲ್ಲ. ಡಿಶ್ಶಿನ ತಂತಿ ಸಿಕ್ಕಿಸಲು ಹಿಂದುಗಡೆ ಜಾಗವೇ ಇರಲಿಲ್ಲ, ಒಳಗೆ ರಿಸೀವರ್ ಇದ್ದರೆ ತಾನೆ.

ದೌಲತ್ ಎದ್ದು ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದಳು. "ಪಟ್ಟೀಲಿ ಫೋರ್‌ಕೆ, ಗೋಡೇಲಿ ಗೋಣಿತಾಟು!" ಎಂದಳು. "ನನ್ನ ಮಗ ಇದಕ್ಕೆ ಸಹಿ ಹಾಕಿದ್ದಾನೆ ಕಣೇ ಅತಿಯಾತ್. ನಾಳೆ ನಿನ್ನ ಮಗಳು ಮುನಿಸ್ಕೊಂಡು ಹೊರಟ್ರೆ, ಇಲ್ಲದ ಫೋರ್‌ಕೆನ ಅವನು ಎಲ್ಲಿಂದ ತಂದು ಕೊಡ್ಬೇಕು? ಸುಳ್ಳು ಬರೆಸಿ ಸಹಿ ಹಾಕಿಸ್ಕೊಂಡಿದ್ದೀಯ. ಇದಕ್ಕೆ ಕಳ್ಳತನ ಅಂತಾರೆ."

ಹನ್ನೆರಡು ಹೆಂಗಸರ ಎದುರಿಗೆ. ಶುರೂಕ್ ಇನ್ನೂ ಮದರಂಗಿ ಮಾಸದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಳು. ಅತಿಯಾತ್ ಏನೋ ಹೇಳಲು ಹೋದಳು, ಬಾಯಿ ಒಣಗಿತ್ತು.

ದೌಲತ್ ಟೀವಿಯನ್ನು ಗೋಡೆಯಿಂದ ಇಳಿಸಲು ಬಿಡಲಿಲ್ಲ. ಬಂದವರಿಗೆಲ್ಲ, "ಮೇಲೆ ಹೋಗಿ ಬನ್ನಿ, ನಮ್ಮ ಬೀಗಿತಿ ಕೊಟ್ಟ ಕನ್ನಡಿ ನೋಡ್ಕೊಂಡು ಬನ್ನಿ" ಎಂದು ಕಳಿಸುತ್ತಿದ್ದಳು. ಶುರೂಕ್ ಸಾರಿಗೆ ಉಪ್ಪು ಕಡಿಮೆ ಹಾಕಿದರೂ ಮಾತು ಟೀವಿಗೇ ಹೋಗಿ ಮುಟ್ಟುತ್ತಿತ್ತು. "ಪಟ್ಟೀಲಿ ಉಪ್ಪು ಇತ್ತೇನೋ, ಸಾರಲ್ಲಿ ಮಾತ್ರ ಇಲ್ಲ!" ಹುಡುಗಿ ಸೊರಗತೊಡಗಿದಳು. ತಾಯಿಯ ಮನೆಗೆ ಬರುವುದನ್ನೂ ಕಡಿಮೆ ಮಾಡಿದಳು, ಬಂದರೆ ಹಿಂದಿರುಗಿದ ಮೇಲೆ ಅತ್ತೆಯಿಂದ ಕೇಳಬೇಕಾದ ಮಾತು ಹೆಚ್ಚು.

ಅತಿಯಾತ್ ರಸೀದಿ ಹಿಡಿದು ಶೌಕಿಯ ಅಂಗಡಿಗೆ ಹೋದಳು.

ಅವನು ರಸೀದಿಯ ತಾರೀಕು ನೋಡಿ ನಕ್ಕ. "ವಾರಂಟಿ ಎರಡು ವರ್ಷ ತಾಯಿ, ಕೊಂಡ ದಿನದಿಂದ. ನೀವು ನಾಲ್ಕು ವರ್ಷ ಮಲಗಿಸಿಟ್ಟು ಈಗ ಎಬ್ಬಿಸಿದ್ರೆ ಅದಕ್ಕೆ ನಾನು ಹೊಣೆನಾ?"

"ಫೋರ್‌ಕೆ ಅಂತ ಕೊಟ್ರಿ. ಅದು ಫೋರ್‌ಕೆ ಅಲ್ಲ."

"ಅಲ್ಲ ಅನ್ನೋಕೆ ನಿಮಗೇನು ಗೊತ್ತು?" ಅವನು ಅಂಗಡಿಯಲ್ಲಿದ್ದ ಗಿರಾಕಿಗಳತ್ತ ತಿರುಗಿದ. "ನೋಡ್ರಪ್ಪಾ, ಟವೆಲ್ಲಿನ ಎಳೆ ಎಣಿಸೋರು ನನಗೆ ಪರದೆ ಪಾಠ ಹೇಳೋಕೆ ಬಂದಿದ್ದಾರೆ! ಹೋಗಿ ತಾಯಿ, ಟವೆಲ್ ಎಣಿಸಿ ಹೋಗಿ."

ಗಿರಾಕಿಗಳು ನಕ್ಕರು. ಅತಿಯಾತ್ ಅಳಲಿಲ್ಲ. ಅಳುವ ಸ್ವಭಾವವಿದ್ದಿದ್ದರೆ ಶೌಕಿ ಬದುಕಿಕೊಳ್ಳುತ್ತಿದ್ದ. ಹೊರಗೆ ಬಂದು ಅಂಗಡಿಯ ಬೋರ್ಡನ್ನು ಒಂದು ಸಲ ಪೂರ್ತಿ ಓದಿದಳು. ಈ ನಾಲಿಗೆಯನ್ನು ದೌಲತಳ ಮೆಟ್ಟಿಲ ಮೇಲೆ ನಿಲ್ಲಿಸಿ ನಿಜ ಹೇಳಿಸದಿದ್ದರೆ ನಾನು ಶುರೂಕಳ ತಾಯಿಯೇ ಅಲ್ಲ ಎಂದು ಅಲ್ಲೇ ಆಣೆ ಹಾಕಿಕೊಂಡಳು.

ಅಲ್ಲಿಂದ ನೇರ ನಮ್ಮ ಓಣಿಯ ಟೀವಿ ರಿಪೇರಿಯ ಬರಕಾತನ ಬಳಿ ಹೋದಳು. ಬರಕಾತ್ ಹಲ್ಲಿಲ್ಲದ ಮುದುಕ, ಸತ್ತ ಟೀವಿಗಳ ನಡುವೆ ಕೂತು ಸೂರ್ಯಕಾಂತಿ ಬೀಜ ನೆನೆಸಿ ತಿನ್ನುವವನು. ಅವಳು ನಡೆದದ್ದನ್ನೆಲ್ಲ ಹೇಳಿ, "ನನಗೆ ಕಲಿಸು" ಎಂದಳು.

"ಏನು ಕಲಿಸ್ಲಿ ಉಮ್ ಶುರೂಕ್? ರಿಪೇರಿನಾ?" ತಾಯಂದಿರನ್ನು ಮಗುವಿನ ಹೆಸರಿನಿಂದ ಕರೆಯುವುದು ನಮ್ಮ ರೂಢಿ, ಉಮ್ ಎಂದರೆ ತಾಯಿ.

"ಮೋಸ ಕಲಿಸು. ಎಲ್ಲೆಲ್ಲಿ ಹೆಂಗೆಂಗೆ ಟೋಪಿ ಹಾಕ್ತಾರೆ, ಒಂದೂ ಬಿಡದೆ ಹೇಳು."

ಬರಕಾತನಿಗೆ ಇಂಥ ಶಿಷ್ಯೆ ಹಿಂದೆಂದೂ ಸಿಕ್ಕಿರಲಿಲ್ಲ, ಉತ್ಸಾಹ ಬಂತು. "ನಿನ್ನ ಪೆಟ್ಟಿಗೆ ಮೇಲೆ ಫೋರ್‌ಕೆ ಪಕ್ಕ ಸಣ್ಣಕ್ಷರದಲ್ಲಿ 'ಸಪೋರ್ಟ್' ಅಂತ ಇದೆಯಾ ನೋಡು. ಇದ್ರೆ ಅದು ಫೋರ್‌ಕೆ ಅಲ್ಲ. ಫೋರ್‌ಕೆ ಬಂದ್ರೆ ತಗೋತೀನಿ, ತೋರಿಸೋದು ಮಾತ್ರ ನನ್ನ ಕೈಲಾದಷ್ಟು ಅಂತ ಅರ್ಥ. ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತೆ ಅನ್ನೋ ಹರ್ಟ್ಸ್ ಇನ್ನೂರು ಅಂತ ಬರೆದಿರ್ತಾರೆ, ಪರದೆದು ನಿಜವಾಗಿ ಅರವತ್ತು. ಅಂಥದ್ರಲ್ಲಿ ಮ್ಯಾಚ್ ನೋಡಿದ್ರೆ ಚೆಂಡಿಗೆ ಬಾಲ ಬರುತ್ತೆ. ರ‍್ಯಾಮ್ ಎಷ್ಟು ಅಂತ ಕೇಳು. ಒಂದೇ ಜಿಬಿ ಇದ್ರೆ ನೀನು ಗುಂಡಿ ಒತ್ತಿ ಚಹಾ ಮಾಡ್ಕೊಂಡು ಬರಬಹುದು, ಅದಿನ್ನೂ ಯೋಚನೆ ಮಾಡ್ತಿರುತ್ತೆ. ಇನ್ನು ಈ ಸ್ಮಾರ್ಟ್ ಅನ್ನೋದು ಹಾಲು ಇದ್ದ ಹಾಗೆ. ಡಬ್ಬಿ ಮುಚ್ಚಿಟ್ರೂ ಒಳಗೇ ಹುಳಿ ಆಗುತ್ತೆ."

"ಬಳಸದೇ ಇದ್ರೂನಾ?"

"ಬಳಸದೇ ಇದ್ರೂ. ಒಳಗಿನ ಸಿಸ್ಟಮ್ಮಿಗೆ ವಯಸ್ಸಾಗುತ್ತೆ, ಆಪುಗಳು ಒಂದೊಂದಾಗಿ ಕೈ ಬಿಡ್ತವೆ. ನಿನಗೆ ಕೊಟ್ಟಾಗಲೇ ಅದು ಎರಡು ಮೂರು ವರ್ಷ ಹಳೇ ಮಾಲಾಗಿರ್ಬೇಕು. ಶೌಕಿ ಮೊದಲು ಏನು ಕೇಳ್ದ ಹೇಳು?"

"ಮನೆಗೋ ಮದುವೆಗೋ ಅಂದ."

"ಮನೆಗೆ ಅಂದ್ರೆ ಮುಂದಿಟ್ಟಿರೋದು ಕೊಡ್ತಾನೆ, ಯಾಕಂದ್ರೆ ಅವತ್ತೇ ಸಾಯಂಕಾಲ ವಾಪಸ್ ತರ್ತಾರೆ. ಮದುವೆಗೆ ಅಂದ್ರೆ ಗೋದಾಮಿನ ಕಸ. ನೀವು ಪೆಟ್ಟಿಗೆ ತೆರೆಯೋಷ್ಟರಲ್ಲಿ ವಾರಂಟಿಯ ತಿಥಿ ಮುಗಿದಿರುತ್ತೆ. ಈ ಊರಿನ ಎಷ್ಟು ಮಂಚದ ಕೆಳಗೆ ಅವನ ಕಸ ಮಲಗಿದೆಯೋ ದೇವರಿಗೇ ಗೊತ್ತು."

ಅತಿಯಾತಳಿಗೆ ಲೆಕ್ಕ ತಿಳಿಯಿತು. ಅವನು ಮೋಸ ಮಾಡಿದ್ದು ಟೀವಿಯಲ್ಲಲ್ಲ, ತಾಯಂದಿರು ಟೇಪು ಕೀಳುವುದಿಲ್ಲ ಎಂಬ ನಂಬಿಕೆಯಲ್ಲಿ. ಅವರ ಮರ್ಯಾದೆಯನ್ನೇ ಬಂಡವಾಳ ಮಾಡಿಕೊಂಡಿದ್ದ.

ಎರಡು ತಿಂಗಳು ಕಲಿತಳು. ಬರಕಾತ್ ಒಮ್ಮೆ ಪರದೆಯೆಂದರೆ ಚುಕ್ಕೆಗಳ ಸಾಲು ಎಂದಾಗ ಅವಳು ಎದ್ದು ಮನೆಗೆ ಹೋಗಿ ಗಿರಣಿಯ ಎಳೆ ಎಣಿಸುವ ಕನ್ನಡಿ ತಂದಳು. ಮಡಚುವ ಪುಟ್ಟ ಭೂತಗನ್ನಡಿ, ತಳದಲ್ಲಿ ಸರಿಯಾಗಿ ಒಂದು ಸೆಂಟಿಮೀಟರಿನ ಕಿಂಡಿ. ಬರಕಾತ್ ಪರದೆಯನ್ನು ಬಿಳಿ ಮಾಡಿದ. ಅವಳು ಕನ್ನಡಿಯಿಟ್ಟು ಕಣ್ಣು ಹಚ್ಚಿದಳು. ಕೆಂಪು, ಹಸಿರು, ನೀಲಿ ಮೂರು ಕಾಳು ಸೇರಿ ಒಂದು ಚುಕ್ಕೆ. ಇಪ್ಪತ್ತಾರು ವರ್ಷ ಹತ್ತಿಯ ಎಳೆ ಎಣಿಸಿದ ಕಣ್ಣಿಗೆ ಇದೇನು ಮಹಾ. ನಲವತ್ತಮೂರು ಇಂಚಿನ ನಿಜವಾದ ಫೋರ್‌ಕೆಗೆ ಕಿಂಡಿಯೊಳಗೆ ಅಡ್ಡಸಾಲಿನಲ್ಲಿ ನಲವತ್ತು ಚುಕ್ಕೆ ಇರಬೇಕು ಎಂದು ಬರಕಾತ್ ಲೆಕ್ಕ ಹಾಕಿ ಹೇಳಿದ. ಮಗಳ ಮನೆಗೆ ಹೋಗಿ, ದೌಲತ್ ಮೂಗು ಮುರಿಯುತ್ತಿದ್ದರೂ ಲೆಕ್ಕಿಸದೆ, ಗೋಡೆಗೆ ಕಣ್ಣು ಹಚ್ಚಿ ಎಣಿಸಿದಳು. ಇಪ್ಪತ್ತು. ಇನ್ನೊಂದು ಮೂಲೆಯಲ್ಲಿ ಎಣಿಸಿದಳು. ಇಪ್ಪತ್ತೇ.

ಮುಂದಿನ ಗುರುವಾರ ಶೌಕಿಯ ಅಂಗಡಿಯ ಎದುರು, ಕಬ್ಬಿನ ಹಾಲಿನವನ ಪಕ್ಕದಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಿ.

ಮೊದಲು ಬಂದವಳು ಪಕ್ಕದ ಊರು ಸಮನ್ನೂದ್ ಕಡೆಯ ಒಬ್ಬ ಹೆಂಗಸು, ಜೊತೆಗೆ ನಾಚುತ್ತಿದ್ದ ಮಗಳು. ಪೆಟ್ಟಿಗೆ ಕೈಗಾಡಿ ಏರುವಷ್ಟರಲ್ಲಿ ಅತಿಯಾತ್ ಅಡ್ಡ ನಿಂತಳು. "ಅಕ್ಕ, ಇದನ್ನ ಇಲ್ಲೇ ಬಿಚ್ಚಿಸು."

"ಬಿಚ್ಚೋದಾ? ನಾಳೆ ಜನ ಏನಂತಾರೆ?"

"ಜನ ಏನಂತಾರೋ ನನ್ನ ಕೇಳು. ನನ್ನ ಮಗಳು ದಿನಾ ಅನ್ನಿಸ್ಕೊಳ್ತಿದ್ದಾಳೆ."

ಆ ಹೆಂಗಸು ಅಳುಕಿದಳು. ಅತಿಯಾತಳೇ ಟೇಪು ಕಿತ್ತಳು. ಕಬ್ಬಿನ ಹಾಲಿನವನ ಪ್ಲಗ್ಗಿಗೆ ಸಿಕ್ಕಿಸಿದಳು, ಎಣಿಸಿದಳು, ಹಿಂಬದಿಯ ಚೀಟಿಯಲ್ಲಿ ತಯಾರಾದ ವರ್ಷ ಓದಿದಳು, ಎಲ್ಲರಿಗೂ ಕೇಳುವಂತೆ ಕೂಗಿದಳು. "ನಾಲ್ಕು ವರ್ಷ ಹಳೇದು! ಚುಕ್ಕೆ ಅರ್ಧ! ಮದುವೆ ಮಾಲು!" ಬೀದಿ ತುಂಬಿತು. ಶೌಕಿ ಓಡಿಬಂದು ಒಳಗಿನಿಂದ ಬೇರೆ ಕೊಟ್ಟ. ಅದನ್ನೂ ಬಿಚ್ಚಿಸಿದಳು. ಅದು ಸರಿಯಿತ್ತು. ಮತ್ತೆ ನೀಟಾಗಿ ಟೇಪು ಹಾಕಿ, ಟೇಪಿನ ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ ಬರೆದಳು: "ನೋಡಿದ್ದೇನೆ. ಅತಿಯಾತ್."

ಈ ಬರಹವೇ ಶೌಕಿಯ ಕುತ್ತಿಗೆಗೆ ಬಂತು. ಮೆರವಣಿಗೆಯ ಗಾಡಿಗಳಲ್ಲಿ ಮೊದಲು ಒಂದು ಪೆಟ್ಟಿಗೆಯ ಮೇಲೆ ಕಂಡಿತು, ಆಮೇಲೆ ಐದರ ಮೇಲೆ. ಬಾಲ್ಕನಿಯ ಹೆಂಗಸರು ಬೆರಳು ತೋರಿಸಿ ಹುಡುಕತೊಡಗಿದರು. ಮುಟ್ಟದ ಟೇಪು ಈಗ ಮರ್ಯಾದೆಯಾಗಿ ಉಳಿಯಲಿಲ್ಲ, ಅನುಮಾನವಾಯಿತು. "ಅತಿಯಾತ್ ನೋಡಿಲ್ವಾ? ಯಾಕೆ ನೋಡಿಸಿಲ್ಲ?" ಹಳೆಯ ಪೆಟ್ಟಿಗೆಗಳೂ ಒಂದೊಂದಾಗಿ ಮಂಚದ ಕೆಳಗಿನಿಂದ ಎದ್ದು ಅಂಗಡಿಯ ಬಾಗಿಲಿಗೆ ಬಂದವು. ಶೌಕಿ ಮೊದಲು ಅವಳಿಗೆ ಚಹಾ ಕಳಿಸಿದ, ಅವಳು ಮೋರಿಗೆ ಚೆಲ್ಲಿದಳು. ಬೈದ, ಅವಳು ಎರಡರಷ್ಟು ಬೈದಳು. ಬೇರೆ ಅಂಗಡಿಯವರು ನಮ್ಮ ಮುಂದೆ ಕೂರಿ, ಪೆಟ್ಟಿಗೆಗಿಷ್ಟು ಕೊಡುತ್ತೇವೆ ಎಂದರು. ಅವರನ್ನೂ ಅಟ್ಟಿದಳು. ಅವಳಿಗೆ ಬೇಕಾದದ್ದು ಕಾಸಲ್ಲ, ಒಬ್ಬನ ನಾಲಿಗೆ.

ಒಂದೂವರೆ ವರ್ಷಕ್ಕೆ ಶೌಕಿಯ ಅಂಗಡಿಯ ಶಟರು ಅರ್ಧಕ್ಕೆ ಇಳಿಯಿತು. ಒಂದು ಗುರುವಾರ ಅವನೇ ಬೀದಿ ದಾಟಿ ಬಂದು ಅವಳ ಕುರ್ಚಿಯ ಮುಂದೆ ನಿಂತ. ಜಪಮಾಲೆ ಇರಲಿಲ್ಲ.

"ಐವತ್ತೈದು ಇಂಚಿನದು ಕೊಡ್ತೀನಿ ಉಮ್ ಶುರೂಕ್. ಹೊಚ್ಚ ಹೊಸದು. ಇಲ್ಲಿಂದ ಎದ್ದು ಹೋಗಿ."

"ನಲವತ್ತಮೂರು ಸಾಕು. ಪಟ್ಟೀಲಿ ಬರೆದಿರೋದು ಅಷ್ಟೇ. ಆದ್ರೆ ನೀನೇ ಹೊತ್ಕೊಂಡು ಬರ್ಬೇಕು. ದೌಲತ್ ಮನೆ ಮೆಟ್ಟಿಲು ಹತ್ತಿ, ಏನು ಮಾಡ್ದೆ, ಹೆಂಗೆ ಮಾಡ್ದೆ ಅಂತ ನಿನ್ನ ಬಾಯಲ್ಲೇ ಹೇಳ್ಬೇಕು. ಒಂದಕ್ಷರ ನುಂಗಿದ್ರೆ ನಾನು ಮತ್ತೆ ಈ ಕುರ್ಚೀಲಿ."

ಶುಕ್ರವಾರ ಪ್ರಾರ್ಥನೆ ಮುಗಿಯುತ್ತಲೇ ಅವನು ಪೆಟ್ಟಿಗೆ ಹೊತ್ತು ಬಂದ. ಬರುವ ಸುದ್ದಿಯನ್ನು ಅತಿಯಾತ್ ಮೊದಲೇ ಊದಿಟ್ಟಿದ್ದಳು, ಬೀದಿಯ ಪ್ರತಿ ಬಾಗಿಲಲ್ಲೂ, ಮೆಟ್ಟಿಲ ಬುಡದಲ್ಲೂ ನೆರೆಯವರು. ದೌಲತಳ ಬಾಗಿಲ ಮುಂದೆ ಅವನು ಏದುಸಿರು ಬಿಡುತ್ತ ನಿಂತ. "ಹಜ್ಜಾ, ಈ ತಾಯಿ ಸುಳ್ಳು ಬರೆಸಿಲ್ಲ. ನಾನು ಫೋರ್‌ಕೆ ಅಂತ ಹೇಳಿ ಬೇರೇದು ಕೊಟ್ಟೆ. ಮದುವೆಗೆ ಅಂದ್ರೆ ಬೇಗ ತೆರೆಯಲ್ಲ ಅಂತ ಗೊತ್ತಿತ್ತು. ಹಳೇ ಮಾಲೆಲ್ಲ ಮದುವೆಯವರಿಗೇ ಸಾಗಿಸ್ತಿದ್ದೆ."

"ಕಳ್ಳ ಯಾರು?" ಅತಿಯಾತ್ ಕೇಳಿದಳು.

"ನಾನು."

"ಕೆಳಗಿನವರಿಗೆ ಕೇಳಿಸ್ಲಿಲ್ಲ."

"ನಾನೇ ಕಳ್ಳ!"

ಹೊಸ ಟೀವಿ ಮೂರನೇ ಮಹಡಿಯ ಗೋಡೆಗೇರಿತು. ಅತಿಯಾತ್ ಎಣಿಸಿದಳು, ನಲವತ್ತು. ಹಳೆಯದನ್ನು ಬೆನ್ನಿಗೆ ಹಾಕಿಕೊಂಡು ಶೌಕಿ ಇಳಿದುಹೋದ. ನೆರೆಯವರು ಒಬ್ಬೊಬ್ಬರಾಗಿ ಬಾಗಿಲು ಮುಚ್ಚಿಕೊಂಡರು. ಅತಿಯಾತ್ ಎರಡನೇ ಮಹಡಿಗೆ ಇಳಿದಾಗ ದೌಲತ್ ತನ್ನ ಮನೆಯಲ್ಲಿ ಕೂತಿದ್ದಳು, ಮುಖ ಬಿಳಿಚಿತ್ತು. ಎದ್ದು ಒಳಗಿನ ಕೋಣೆಗೆ ಹೋದಳು. ತನ್ನ ಕಿರಿ ಮಗಳು ನೂರ್ಹಾನಳೊಂದಿಗೆ ಒಂದು ಪೆಟ್ಟಿಗೆ ಎಳೆದುಕೊಂಡು ಬಂದಳು. ನೂರ್ಹಾನಳ ಮದುವೆ ಇನ್ನಾರು ದಿನಕ್ಕಿತ್ತು. ಅತಿಯಾತಳಿಗೆ ತೋರಿಸಬೇಕಾಗುತ್ತದೆಂದು ಇಷ್ಟು ದಿನ ಹೊರಗೆ ತೆಗೆದಿರಲಿಲ್ಲ. ಪೆಟ್ಟಿಗೆಯ ಮೇಲೆ ಮೂರು ವರ್ಷದ ಧೂಳು, ಬಂಗಾರದ ಬಣ್ಣದ ಫೋರ್‌ಕೆ.

"ಇದೂ ಅವನ ಅಂಗಡೀದೇ," ದೌಲತಳ ದನಿ ಸಣ್ಣದಾಗಿತ್ತು. "ನೀವೊಂದು ಸಲ ನೋಡಿ ಉಮ್ ಶುರೂಕ್."

ನೀವು ಎಂದಳು. ಅತಿಯಾತ್ ಬಗ್ಗಿ ಪಕ್ಕದ ಚೀಟಿ ಓದಿದಳು. ಬಿಚ್ಚುವ ಅಗತ್ಯವೇ ಇರಲಿಲ್ಲ. ಅದೇ ಮಾಡೆಲ್ಲು, ಅದೇ ಸಣ್ಣಕ್ಷರದ 'ಸಪೋರ್ಟ್', ಮಗಳ ಟೀವಿಗಿಂತಲೂ ಹಳೆಯ ತಾರೀಕು. ಹನ್ನೆರಡು ಹೆಂಗಸರ ಮುಂದೆ ಮದರಂಗಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಶುರೂಕ್ ಅವಳ ಕಣ್ಣಿಗೆ ಕಟ್ಟಿದಳು. ಮುಂದಿನ ವಾರ ಇನ್ನೊಂದು ಮನೆಯಲ್ಲಿ, ಇನ್ನೊಬ್ಬ ಅತ್ತೆಯ ಮುಂದೆ, ದೌಲತಳೂ ಹಾಗೇ ಬಾಯಿ ಒಣಗಿಸಿಕೊಂಡು ನಿಲ್ಲುತ್ತಾಳೆ. ಕೇಳದೆ ಬಂದ ಭಾಗ್ಯ. ಅತಿಯಾತಳಿಗೆ ಮೈಯೆಲ್ಲ ತಂಪಾಯಿತು.

"ಚೆನ್ನಾಗಿದೆ," ಎಂದಳು. "ಬಿಚ್ಚೋದೇನೂ ಬೇಡ."

ದೌಲತ್ ದೇವರಿಗೆ ಕೈ ಎತ್ತಿ, ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ನೂರ್ಹಾನ್ ದಾಸವಾಳದ ಶರಬತ್ತು ತಂದುಕೊಟ್ಟಳು. ಅತಿಯಾತ್ ಕೊನೆಯ ಹನಿಯವರೆಗೂ ಕುಡಿದು ಎದ್ದಳು. ಶುರೂಕ್ ತಾಯಿಯ ಜೊತೆ ಮೆಟ್ಟಿಲಿಳಿದು ಬಂದಳು. ಮೊದಲ ಮಹಡಿಯ ತಿರುವಿನಲ್ಲಿ ನಿಲ್ಲಿಸಿದಳು.

"ಅಮ್ಮ, ಅದು ನಿಜವಾಗ್ಲೂ ಚೆನ್ನಾಗಿದೆಯಾ?"

ಅತಿಯಾತ್ ಕೊರಳಿನ ಕನ್ನಡಿಯ ದಾರ ಸರಿಮಾಡಿಕೊಂಡಳು. ಅವಳ ಮುಖದ ತುಂಬ ನಗು ಇತ್ತು. ಶುರೂಕಳಿಗೆ ಅರ್ಥವಾಯಿತು.

"ನೂರ್ಹಾನ್ ನನಗೆ ಏನೂ ಮಾಡಿಲ್ಲಮ್ಮ."

"ನೀನು ಯಾರಿಗೆ ಏನು ಮಾಡಿದ್ದೆ?"

ಶುರೂಕ್ ತಾಯಿಯನ್ನು ಅಲ್ಲೇ ಬಿಟ್ಟು ತಿರುಗಿ, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದಳು.

"ಶುರೂಕ್! ಹೋಗ್ಬೇಡ!" ಅತಿಯಾತ್ ಕೂಗಿದಳು. ಬಾಗಿಲು ತೆರೆದ ಸದ್ದು. ಟೇಪು ಪರಪರನೆ ಕಿತ್ತ ಸದ್ದು, ಒಂದು, ಇನ್ನೊಂದು. ಪೆಟ್ಟಿಗೆಯೊಳಗಿನ ಥರ್ಮಾಕೋಲು ಎಳೆದ ಸದ್ದು. ಆಮೇಲೆ ದೌಲತ್ ಎದೆ ಬಡಿದುಕೊಂಡು ಅತ್ತ ಅಳು ಮೂರು ಮಹಡಿಗೂ ಕೇಳಿಸಿತು. ಒಂದೂವರೆ ವರ್ಷ ಬಿಸಿಲಲ್ಲಿ ಕುರ್ಚಿ ಹಾಕಿ ಕೂತು ಅತಿಯಾತ್ ಕಾದಿದ್ದು ಇದೇ ಅಳುವಿಗೆ. ಗೋಡೆ ಹಿಡಿದು ನಿಂತು ಕೇಳಿದಳು. ಅಳುವಿನ ನಡುವೆ ಮಗಳ ದನಿ ಬಂತು. "ಅಳಬೇಡಿ ಅತ್ತೆ. ಇನ್ನೂ ಆರು ದಿನ ಇದೆ. ನಾಳೆ ನಾನೇ ಬಂದು ಆರಿಸಿ ಕೊಡ್ತೀನಿ. ಏಳಿ, ನೀರು ಕುಡೀರಿ."

ಅತಿಯಾತಳಿಗೆ ಸಿಟ್ಟು ನೆತ್ತಿಗೇರಿತು. ಈ ಸಲ ಅದು ಶೌಕಿಯ ಮೇಲಲ್ಲ, ದೌಲತಳ ಮೇಲೂ ಅಲ್ಲ, ಮಗಳ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ. ಮೇಲೆ ಹೋಗಲು ಮುಖವಿರಲಿಲ್ಲ, ಕೆಳಗಿಳಿಯಲು ಕಾಲು ಬರಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಬಹಳ ಹೊತ್ತು ಕೂತಿದ್ದಳು, ಮೇಲಿನಿಂದ ಯಾರೂ ಅವಳನ್ನು ಕರೆಯಲಿಲ್ಲ.